ಕೆಂಪು ದಾರದ ಗೊಂಚಲುಗಳು

ನಾನು ಕಂಡ ಕಣಿವೆಯನ್ನು ನೀವು ಕಂಡಿಲ್ಲ. ಕಂಡಿದ್ದರೂ ನನ್ನ ಹಾಗೆ ಕಂಡಿರಲಾರಿರಿ. ನನ್ನಂಥ ಕಣ್ಣು ನಮ್ಮ ವಂಶದಲ್ಲೇ ಇನ್ನೊಬ್ಬರಿಗಿಲ್ಲ. ಬಸ್ಸು ಕೊನೆಯ ತಿರುವು ದಾಟಿದ್ದೇ ತಡ, ಬೆಟ್ಟಗಳ ತಲೆಯನ್ನೆಲ್ಲ ಯಾರೋ ಕೂತು ಬಾಚಿಟ್ಟ ಹಾಗೆ ದ್ರಾಕ್ಷಿ ಸಾಲುಗಳು. ಒಟ್ಟು ಒಂದು ಕೋಟಿ. ಅನುಮಾನವಿದ್ದರೆ ಹತ್ತು ಕಳೆಯಿರಿ. ಇಳಿಬಿಸಿಲು ಎಲೆಗಳೊಳಗಿಂದ ಹಾದು ಇಡೀ ಕಣಿವೆಯೇ ದೀಪ ಹಚ್ಚಿಕೊಂಡಂತಿತ್ತು. ಅರ್ಧ ಗಂಟೆ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಪಕ್ಕದ ಸೀಟಿನವರು ಅದಕ್ಕಾಗಿ ಆ ಕಣಿವೆಗೆ ಇಂದಿಗೂ ಋಣಿಗಳು.

ಅಲ್ಲಿನ ವೈನ್ ತೋಟವೊಂದಕ್ಕೆ ನನ್ನಕ್ಕ ಮೇಲ್ವಿಚಾರಕಿ. ಆ ಕೆಲಸ ಸಿಕ್ಕಮೇಲೆ ಇದೇ ಮೊದಲ ಕೊಯ್ಲು. ಬೇಗ ಕೊಯ್ದರೆ ವೈನ್ ಕಹಿಯಾಗುತ್ತದೆ, ತಡಮಾಡಿದರೆ ಮಳೆಗೆ ಹಣ್ಣು ಬಿರಿಯುತ್ತದೆ. ದಿನ ಗೊತ್ತುಮಾಡುವುದರಲ್ಲಿ ಎಡವಿದರೆ ಕೆಲಸ ಹೋದಂತೆಯೇ ಎಂದು ಭಾವ ಬಸ್ ನಿಲ್ದಾಣದಲ್ಲೇ ಹೇಳಿದ್ದರು.

ಮರುದಿನ ಬೆಳಿಗ್ಗೆ ಅಕ್ಕ ಶೆಡ್ಡಿನಲ್ಲಿ ಕತ್ತರಿಗಳಿಗೆ ಎಣ್ಣೆ ಬಿಡುತ್ತಿದ್ದಾಗ ನಾನೊಬ್ಬನೇ ಇಳಿಜಾರು ಹತ್ತಿದೆ. ಕೆಳಗಿನ ಸಾಲುಗಳಲ್ಲಿ ಮೂರು, ಮೇಲಿನವುಗಳಲ್ಲಿ ಎರಡು ಗೊಂಚಲಿಗೆ ಕೆಂಪು ದಾರ ಕಟ್ಟಿತ್ತು. ನನ್ನಂಥ ಅತಿಥಿಗೆಂದು ಒಳ್ಳೊಳ್ಳೆಯದನ್ನು ಗುರುತುಮಾಡಿಟ್ಟಿದ್ದಾರೆ, ಪಾಪ! ಬೇಡವೆಂದರೆ ಅವರ ಮನಸ್ಸು ನೊಂದೀತು. ಐದನ್ನೂ ತಿಂದೆ, ಬೀಜ ಸಮೇತ. ದಾರಗಳನ್ನು ಜೋಪಾನವಾಗಿ ಜೇಬಿಗಿಟ್ಟುಕೊಂಡು ಬಂದು ಅಕ್ಕನ ಕೈಗಿತ್ತೆ.

ಅಕ್ಕ ದಾರಗಳನ್ನು ಎಣಿಸಿದಳು. "ಅಯ್ಯೋ, ಹಾಳಾದವನೇ! ಎರಡು ವಾರದಿಂದ ದಿನಾ ಆ ಐದರಿಂದಲೇ ಎರಡೆರಡು ಹಣ್ಣು ಕಿತ್ತು, ಬೀಜ ಮಾಗಿದ್ಯಾ ಅಂತ ಅಗಿದು ನೋಡ್ತಿದ್ದೆ ಕಣೋ. ಇವತ್ತು ಕೊನೇದು. ಮಧ್ಯಾಹ್ನದೊಳಗೆ ಮಾಲೀಕರಿಗೆ ದಿನ ಹೇಳ್ಬೇಕು!"

"ಪಕ್ಕದ ಗೊಂಚಲು ನೋಡಿದ್ರಾಯ್ತಲ್ಲ?"

"ಪಕ್ಕದ್ದರ ಬಿಸಿಲೇ ಬೇರೆ, ನೆರಳೇ ಬೇರೆ. ನಿನ್ನೆ ಇದು ಹೇಗಿತ್ತು, ಇವತ್ತು ಹೇಗಾಯ್ತು, ಅದೇ ನಂಗೆ ಬೇಕಾಗಿದ್ದು." ಅವಳು ಬುಟ್ಟಿಯ ಮೇಲೆ ಕುಸಿದು ಕುಳಿತಳು. ಆಮೇಲೆ ತಲೆಯೆತ್ತಿ ಕೇಳಿದಳು: "ಬೀಜ ಅಗಿದ್ಯಾ? ಹಂಗೇ ನುಂಗಿದ್ಯಾ?"

"ಅಗಿದೆ. ಇಡೀ ಲೋಕದಲ್ಲೇ ನನ್ನಷ್ಟು ಚೆನ್ನಾಗಿ..."

"ಸಾಕು. ಇದೊಂದು ಸಲ, ನನಗೋಸ್ಕರ, ಇದ್ದದ್ದನ್ನ ಇದ್ದ ಹಾಗೆ ಹೇಳು."

ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಭಾವ ನಕ್ಕರು. "ಇವನನ್ನಾ ಕೇಳೋದು? ಮೊಲ ಕಂಡ್ರೆ ಆನೆ ಅಂತಾನೆ."

ನನಗೆ ನಗು ಬರಲಿಲ್ಲ. ಕಣ್ಣು ಮುಚ್ಚಿದೆ. ನಾಲಗೆಯ ತುದಿಗೆ ಬಂದ ಹತ್ತಾರು ಸೊಗಸಾದ ಮಾತುಗಳನ್ನು ಒಂದೊಂದಾಗಿ ಒಳಗೇ ನುಂಗಿದೆ. ದ್ರಾಕ್ಷಿಗಿಂತ ಕಷ್ಟದ ನುಂಗಾಟ ಅದು.

"ಕೆಳಗಿನ ಮೂರೂ ಚೆನ್ನಾಗಿ ಹುರಿದ ಕಡಲೆಬೀಜದ ಹಾಗೆ ಕಟಕ್ ಅಂದ್ವು. ಮೇಲಿನ ಎರಡರಲ್ಲಿ ಬೀಜ ಮೆತ್ತಗಿತ್ತು. ಹಸಿ ಕಡ್ಡಿ ಅಗಿದ ಹಾಗೆ. ನಾಲಗೆ ಅಂಗುಳಕ್ಕೆ ಅಂಟ್ಕೊಳ್ತು. ಅಷ್ಟೇ ಅಕ್ಕಾ."

"ಅಷ್ಟೇನಾ?"

"ಅಷ್ಟೇ."

ಬೆಟ್ಟದ ಹಿಂದೆ ಮೋಡ ಕಪ್ಪಾಗುತ್ತಿತ್ತು. ಅಕ್ಕ ಅದನ್ನೂ ನೋಡಿದಳು, ನನ್ನನ್ನೂ ನೋಡಿದಳು. ಫೋನು ತೆಗೆದು ಮಾಲೀಕರಿಗೆ ಹೇಳಿದಳು: "ಕೆಳಗಿನ ಸಾಲುಗಳ ಬೀಜ ಮಾಗಿದೆ, ನಾಳೆ ಕೊಯ್ಯೋಣ. ಮೇಲಿನವು ಇನ್ನೂ ಹಸಿ, ನಾಲ್ಕು ದಿನ ಇರಲಿ ಸಾರ್."

"ಮಳೆ ಬಂದ್ರೆ?" ಎಂದರು ಭಾವ.

"ಬಂದ್ರೆ ನನ್ನ ತಲೆಗೆ. ಇವನು ಅಷ್ಟು ಚಿಕ್ಕದಾಗಿ ಹೇಳಿದ್ದು ಹುಟ್ಟಿದಾಗಿನಿಂದ ಇದೇ ಮೊದಲು ಕಣ್ರೀ."

ಆ ನಾಲ್ಕು ದಿನ ನಾನು ಮೋಡಗಳನ್ನು ಕಾದಷ್ಟು ಯಾವ ಕಾವಲುಗಾರನೂ ಏನನ್ನೂ ಕಾದಿಲ್ಲ. ಮಳೆ ಬೆಟ್ಟದ ಆಚೆಗೆ ಸುರಿದು ಹೋಯಿತು. ಐದನೆಯ ಬೆಳಿಗ್ಗೆ ಮಾಲೀಕರು ಮೇಲಿನ ಸಾಲಿನ ಹಣ್ಣೊಂದನ್ನು ಬಾಯಿಗೆ ಹಾಕಿಕೊಂಡರು. ಬೀಜ ಒಡೆದ ಸದ್ದು ನನಗೆ ಇಪ್ಪತ್ತು ಹೆಜ್ಜೆ ದೂರಕ್ಕೆ ಕೇಳಿಸಿತು. ಹತ್ತು ಹೆಜ್ಜೆ ಅನ್ನಿ. ಅವರು ಇನ್ನೊಂದು ಹಣ್ಣು ಅಗಿದು, ಅಕ್ಕನತ್ತ ತಲೆಯಾಡಿಸಿ ಮುಂದೆ ನಡೆದರು.

ಅಕ್ಕ ಕೈಯೆತ್ತಿದಳು. ಇಳಿಜಾರಿನುದ್ದಕ್ಕೂ ನಲವತ್ತು ಕತ್ತರಿಗಳು ಒಟ್ಟಿಗೆ ಸದ್ದು ಮಾಡಿದವು. ಆ ಸದ್ದು ಎದುರಿನ ಬೆಟ್ಟಕ್ಕೆ ತಾಗಿ ವಾಪಸು ಬಂತು. ಕೆಳಗೆ ಮಂಜು ಸರಿಯುತ್ತ ಒಂದೊಂದೇ ಸಾಲನ್ನು ಬಿಟ್ಟುಕೊಡುತ್ತಿತ್ತು.

"ಏನೋ, ಬಾಯಿ ಬಿಟ್ಕೊಂಡು ನಿಂತೆ?" ಅಕ್ಕ ನನ್ನ ಕೈಗೊಂದು ಕತ್ತರಿ ತುರುಕಿದಳು. "ಹೋಗು, ಮೇಲಿನ ಸಾಲು ನಿಂದು. ಕೊಯ್ಯೋಕೆ ಮಾತ್ರ!"