ಮಾವನ ರೈಲು

ಕೈಯಲ್ಲಿ ಹಿಡಿದರೆ ಆಟದ ಇಂಜಿನ್ನು ಓಡುತ್ತಿತ್ತು, ಹಳಿಯ ಮೇಲಿಟ್ಟರೆ ಇಲ್ಲ. ಪಾಲಾಕ್ಷ ಅದನ್ನು ಅಂಗಾತ ಮಲಗಿಸಿ ಬ್ಯಾಟರಿಯ ಎರಡು ವೈರು ಮುಟ್ಟಿಸಿದ. ಗಾಲಿಗಳು ಗಿರ್ರನೆ ತಿರುಗಿದವು. ಮತ್ತೆ ಹಳಿಯ ಮೇಲಿಟ್ಟ. ಹಸೆಮಣೆ ಹತ್ತಲೊಲ್ಲೆನೆನ್ನುವ ಮದುಮಗನ ಹಾಗೆ ನಿಂತುಬಿಟ್ಟಿತು.

“ಅಪ್ಪಾ, ನೀ ಬಿಚ್ಚಬ್ಯಾಡ. ಮಾವ ಬರ್ತಾನ, ಮಾವ ನೋಡ್ತಾನ,” ಎಂದಳು ಮಗಳು ಶಿವಗಂಗಾ.

“ನಿಮ್ಮ ಮಾವ ಏನು ಇಂಜಿನ್ ಹಡದಾನೇನು?”

ಒಳಗಿಂದ ಹೆಂಡತಿ ಶಿವಲೀಲಾ ನಕ್ಕಳು. “ಬೋರಿನ ಮೋಟ್ರು ಸುತ್ತಿದಂಗಲ್ರಿ ಅದು. ಸುಟ್ಟುಗಿಟ್ಟೀರಿ ಮತ್ತ. ನನ್ನ ತಮ್ಮ ಬರೋತನಕ ತಡೀರಿ.”

ಅದೇ ಅವನಿಗೆ ತಡೆಯಲಾಗದ್ದು. ಮೋಟರು ಸುಟ್ಟರೆ ಉಜ್ಜಿನಿ ಕಡೆಯ ರೈತರು ಕೂಡ ಕೊಟ್ಟೂರಿಗೆ ಬಂದು ಪಾಲಾಕ್ಷನ ಅಂಗಡಿಯನ್ನೇ ಕೇಳುತ್ತಿದ್ದರು. ಮನೆಯಲ್ಲಿ ಮಾತ್ರ ಎದ್ದರೆ ಮಾವ, ಕೂತರೆ ಮಾವ. ಆ ಮಾವ ಕೊಟ್ರಸ್ವಾಮಿಗೆ ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರಿ, ಮಕ್ಕಳಿಲ್ಲ. ಯುಗಾದಿಗೆ ಬಂದವನು ಈ ರೈಲು ತಂದುಕೊಟ್ಟಿದ್ದ. ಅಲ್ಲಿಯವರೆಗೆ ಅಪ್ಪನ ಬೈಕಿನ ಸಪ್ಪಳಕ್ಕೆ ಓಡಿಬಂದು ಬುತ್ತಿಡಬ್ಬಿ ಇಸಿದುಕೊಳ್ಳುತ್ತಿದ್ದ ಮಗಳು ಈಗ ಕೂತಲ್ಲಿಂದಲೇ, “ಅಪ್ಪಾ, ಹಳಿ ತುಳದೀ!” ಎನ್ನುತ್ತಿದ್ದಳು.

ಮಾವನನ್ನು ಕರೆತರಲು ತಾಯಿ ಮಗಳು ಸ್ಟೇಷನ್ನಿಗೆ ಹೋದ ಮೇಲೆ ಪಾಲಾಕ್ಷ ಮೀಟರು ತಂದು ಅದರ ಚೂಪುತುದಿಯನ್ನು ಹಳಿಗೆ ಒತ್ತಿದ. ಕರೆಂಟು ಬರುತ್ತಿದೆ; ಗಾಲಿ ಅದನ್ನು ಹಳಿಯಿಂದಲೇ ಎಳೆದುಕೊಳ್ಳಬೇಕು. ಮೋಟರು ಸರಿ, ಕರೆಂಟು ಸರಿ, ಮತ್ತೇನು? ಬೆವರು ಒರೆಸಿಕೊಳ್ಳಲು ಕೈಯೆತ್ತಿದಾಗ ಬೆರಳ ತುದಿ ಬೆಳ್ಳಗೆ ಕಂಡಿತು. ಮೂಸಿದ. ವಿಭೂತಿ.

ಮೊನ್ನೆ ಆಯುಧಪೂಜೆಯಲ್ಲಿ ಇಕ್ಕಳ, ಸುತ್ತಿಗೆ, ಬೈಕು ಎಲ್ಲಕ್ಕೂ ವಿಭೂತಿ ಕಲಸಿ ಹಚ್ಚುತ್ತಿದ್ದಾಗ ಮಗಳು, “ನನ್ನ ರೈಲಿಗೂ ಹಚ್ಚಪ್ಪಾ,” ಎಂದಿದ್ದಳು. ಆ ರೈಲಿನ ಹತ್ತಿರ ಅವಳು ಅವನನ್ನು ಕರೆದದ್ದು ಅದೇ ಮೊದಲು. ಹಿಗ್ಗಿ ಹೋಗಿ ಹಳಿಯ ಉದ್ದಕ್ಕೂ ಬಳಿದಿದ್ದ. ಮರುದಿನ ಶಿವಲೀಲಾ ಒರೆಸಿದ್ದರೂ ತೆಳ್ಳನೆಯ ಪೊರೆ ಉಳಿದಿತ್ತು. ಮೀಟರಿನ ಚೂಪು ಅದನ್ನು ಕೊರೆದು ಕರೆಂಟು ಮುಟ್ಟಿತ್ತು. ಗಾಲಿಗೆ ಅದು ಆಗಿರಲಿಲ್ಲ.

ಪೆಟ್ರೋಲಿನ ಬಟ್ಟೆಯಿಂದ ಹಳಿ, ಗಾಲಿ ಎರಡನ್ನೂ ತಿಕ್ಕಿದ. ಇಂಜಿನ್ನು ಹೊರಟಿತು. ಒಂದು ಸುತ್ತು, ಇನ್ನೊಂದು ಸುತ್ತು. ಪಾಲಾಕ್ಷ ಒಬ್ಬನೇ ನಕ್ಕ.

ಹೊರಗೆ ಆಟೋ ನಿಂತಿತು. ಮಗಳ ದನಿ ಮೊದಲು ಬಂತು. “ಮಾವಾ, ನೀ ಕೈ ಹಚ್ಚಿದ್ರ ಸಾಕು, ಓಡತೈತಿ! ಅಪ್ಪ ಬರೀ ಬಿಚ್ಚಿ ಬಿಚ್ಚಿ ಇಡ್ತಾನ.”

ಅವನ ಕೈ ತಾನಾಗಿಯೇ ಸ್ವಿಚ್ಚು ಆರಿಸಿತು. ದೇವರ ಗೂಡಿನ ದೀಪದ ಎಣ್ಣೆಗೆ ಬೆರಳದ್ದಿ, ವಿಭೂತಿಗೆ ಒತ್ತಿ, ಹಳಿಯ ಮೇಲೆ ಸುತ್ತಲೂ ಎಳೆದ.

ಕೊಟ್ರಸ್ವಾಮಿ ಒಳಗೆ ಬಂದವನೇ ಹಳಿ ನೋಡಿದ. “ಪೂಜಿ ಮಾಡೀರಿ, ಭೇಷಾತು ಬಿಡ್ರಿ ಭಾವ,” ಎಂದು ಬೆರಳಿಗೆ ಹತ್ತಿದ ವಿಭೂತಿಯನ್ನು ಹಣೆಗೆ ಹಚ್ಚಿಕೊಂಡ. ಹಳಿ ಒರೆಸುವ ಯೋಚನೆ ಅವನಿಗೆ ಬರಲಿಲ್ಲ. ಇಂಜಿನ್ನು ಬಿಚ್ಚಿದ, ಕೂಡಿಸಿದ, ಅಂಗಿಯ ತೋಳು ಮಡಚಿದ. ಇಂಜಿನ್ನು ಕದಲಲಿಲ್ಲ.

“ರೈಲ್ವೆದವ್ರು ನೀವ ಹಿಂಗ ಕೈಚೆಲ್ಲಿ ಕುಂತ್ರ?” ಪಾಲಾಕ್ಷನಿಗೆ ಚಹಾ ಎಂದೂ ಇಷ್ಟು ರುಚಿಸಿರಲಿಲ್ಲ.

“ಇಲ್ಲಿ ಆಗಂಗಿಲ್ರಿ ಭಾವ. ನಮ್ಮ ಕಡಿ ಒಬ್ಬಾತ ಇಂಥಾವು ರಿಪೇರಿ ಮಾಡ್ತಾನ. ಹುಬ್ಬಳ್ಳಿಗಿ ಒಯ್ತೀನಿ.”

“ನಾನೂ ಬರ್ತೀನಿ ಮಾವ!” ಶಿವಗಂಗಾ ಅವನ ಕೊರಳಿಗೆ ಜೋತುಬಿದ್ದಳು.

“ಹೋಗ್ಲಿ ಬಿಡ್ರಿ, ರಜಾ ಮುಗಿಯೋತನ,” ಎಂದಳು ಶಿವಲೀಲಾ, ತಮ್ಮನ ಮುಖ ನೋಡುತ್ತ. “ಅವ್ರ ಮನ್ಯಾಗೂ ಒಂದು ಕೂಸಿನ ಸಪ್ಪಳ ಆಗ್ಲಿ.”

ಪಾಲಾಕ್ಷ ಪೆಟ್ರೋಲಿನ ಬಟ್ಟೆಯನ್ನು ಮುಷ್ಟಿಯೊಳಗೆ ಹಿಂಡಿದ. ಒಮ್ಮೆ ಒರೆಸಿದರೆ ಸಾಕಿತ್ತು. ಆದರೆ ಒರೆಸಿ ಇಂಜಿನ್ನು ಓಡಿದರೆ, ಮತ್ತೆ ಬಳಿದದ್ದು ಯಾಕೆಂದು ಎಲ್ಲರೂ ಅವನ ಮುಖ ನೋಡುತ್ತಿದ್ದರು.

“ಆಕಿ ಸ್ವೆಟರ್ ಇಡು,” ಎಂದ ಹೆಂಡತಿಗೆ.

ಮರುದಿನ ಸ್ಟೇಷನ್ನಿನಲ್ಲಿ ಮಗಳು ರೈಲಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತಿದ್ದಳು. “ತಾ, ಬಾಜೂಕ ಇಡ್ತೀನಿ,” ಎಂದು ಅವನು ಕಂಬಿಗಳ ನಡುವೆ ಕೈ ಚಾಚಿದ.

“ಬ್ಯಾಡಪ್ಪಾ. ಬೀಳಸ್ತೀ.”

ಗಾಡಿ ಒಂದು ಜಗ್ಗೂ ಇಲ್ಲದೆ ಹೊರಟಿತು. ಬೀಸಲೆಂದು ಎತ್ತಿದ ಕೈಯಲ್ಲಿ ಉಗುರಿನ ಸಂದು ಇನ್ನೂ ಬೆಳ್ಳಗಿತ್ತು. ಕೊನೆಯ ಡಬ್ಬಿ ದಾಟಿದ ಮೇಲೆ ಹಳಿಗಳೆರಡೂ ಬಿಸಿಲಿಗೆ ಹೊಳೆಯುತ್ತ ಬಿದ್ದಿದ್ದವು, ಎಲ್ಲಿಯೂ ಒಂದು ಕಲೆಯಿಲ್ಲದೆ.