ಫ್ಯಾನ್ ನಿಲ್ಲಿಸಿ ಕಥೆ ಕೇಳುವ ಅತ್ತಿಗೆ

ನಮ್ಮ ಅತ್ತಿಗೆ ಯಾರ ಮನೆಗೆ ಹೋದರೂ ಮೊದಲು ಮಾಡುವ ಕೆಲಸವೆಂದರೆ ಅಲ್ಲಿನ ಫ್ಯಾನ್ ನಿಲ್ಲಿಸುವುದು. ಕುಶಲೋಪರಿ ಏನಿದ್ದರೂ ಅದಾದ ನಂತರ. ಕಿಟಕಿಗಳನ್ನು ಭದ್ರವಾಗಿ ಮುಚ್ಚಿ, ಟಿಕ್ ಟಿಕ್ ಎನ್ನುವ ಗೋಡೆ ಗಡಿಯಾರವನ್ನು ಇಳಿಸಿ ಒಳಕೋಣೆಯ ಹಾಸಿಗೆಯಲ್ಲಿ ಕೂಸಿನಂತೆ ಮಲಗಿಸಿ ಬಂದು, ಆಗಲೇ ಬೆವರೊರೆಸಿಕೊಳ್ಳಲು ತೊಡಗಿರುವ ಯಜಮಾನರ ಮುಂದೆ ಅಂಗೈಯಗಲದ ರೆಕಾರ್ಡರನ್ನಿಟ್ಟು, "ಈಗ ಹೇಳಿ, ಮೊದಲನೇ ದಿನ ಅಂಗಡಿ ಬಾಗಿಲು ತೆಗೆದ್ರಲ್ಲ, ಯಾರು ಬಂದ್ರು?" ಎಂದು ಕಣ್ಣರಳಿಸಿ ಕೂರುವ ಅವರ ಉತ್ಸಾಹವನ್ನು ನೋಡಿದವರಿಗೆ, ಸೆಖೆಯ ಬಗ್ಗೆ ದೂರಲು ಮನಸ್ಸೇ ಬರುವುದಿಲ್ಲ.

ಅತ್ತಿಗೆ ಕಾಲೇಜಿನಲ್ಲಿ ವಾಣಿಜ್ಯದ ಚರಿತ್ರೆ ಕಲಿಸುತ್ತಾರೆ. ನಡೆಯುವುದೆಂದರೆ ಅವರಿಗೆ ಅರ್ಧ ಓಟ. ಎದುರುಗಾಳಿಗೆ ಹೋಗುವವರ ಹಾಗೆ ಮುಂದಕ್ಕೆ ಬಾಗಿ, ಕಂದು ಬಣ್ಣದ ಕೋಟಿನ ಜೇಬುಗಳಲ್ಲಿ ಬ್ಯಾಟರಿಗಳನ್ನು ಕುಲುಕಿಸುತ್ತ ಹೋಗುತ್ತಾರೆ. ಅವರ ಜೊತೆಗೆ ಹೋಗಿ, ಧ್ವನಿಮುದ್ರಣಗಳನ್ನು ಕೇಳಿ ಬೆರಳಚ್ಚಿಸುವ ಪುಣ್ಯ ಮೈದುನನಾದ ನನ್ನದು. "ನಮ್ಮಂಥ ಕಡೆ ವ್ಯಾಪಾರ ಒಂದೇ ತಲೆಮಾರಲ್ಲಿ ಬೆಳೆದುಬಿಡ್ತು. ದಾಖಲೆ ಇಡೋಕೆ ಯಾರಿಗೆ ಪುರಸೊತ್ತಿತ್ತು? ಇರೋದು ಕಂಪನಿಯವರು ತಾವೇ ಹೊಗಳಿಕೊಂಡು ಅಚ್ಚು ಹಾಕಿಸಿದ ಪುಸ್ತಕ. ಆಳಿದವರು, ದುಡಿದವರು ಎಲ್ಲಾ ಬದುಕಿರುವಾಗ ಅದನ್ನೇ ನೋಡಿ ಪಾಠ ಮಾಡೋದಾ?" ಎಂದು ಅವರು ಅಡುಗೆಮನೆಯಲ್ಲಿ ಸೌಟು ಹಿಡಿದೇ ಉಪನ್ಯಾಸ ಶುರು ಮಾಡಿದರೆ ನಮ್ಮಣ್ಣ ಮೆಲ್ಲಗೆ ಒಲೆ ಸಣ್ಣ ಮಾಡುತ್ತಾನೆ.

ಅವರದೊಂದು ನಿಯಮವುಂಟು. ಹೇಳಿಕೆಯೆಲ್ಲ ಮುಗಿದ ಮೇಲೆ, ಹೇಳಿದವರಿಗೇ ಅದನ್ನು ಆದ್ಯಂತ ಕೇಳಿಸುತ್ತಾರೆ. ಬೇಡವೆಂದ ಭಾಗವನ್ನು ಅವರೆದುರೇ ಅಳಿಸುತ್ತಾರೆ. ಹೀಗೆ ಅಳಿಸಿಹೋದ ಅಮೂಲ್ಯ ಸಂಗತಿಗಳನ್ನು ನೆನೆದು ನಾನು ಹಲುಬಿದರೆ, "ಮಾತು ಅವರ ಸ್ವತ್ತು ಮೈದುನರೇ, ನಾವು ಹೊತ್ಕೊಂಡು ಹೋಗೋರು ಅಷ್ಟೇ" ಎನ್ನುತ್ತಾರೆ.

ಇಂಥವರು ಫ್ಯಾನ್ ಕಂಪನಿಯೊಂದರ ಯಜಮಾನರ ಬಳಿ ಹೋದರೆ ಏನಾಗಬೇಕೋ ಅದೇ ಆಯಿತು. ಆ ಯಜಮಾನರು ಸಾಮಾನ್ಯರಲ್ಲ. ಹೆಸರು ಕೇಳದ ಕಂಪನಿಯ ಫ್ಯಾನನ್ನು ಯಾರೂ ಕೊಳ್ಳದಿದ್ದ ಕಾಲದಲ್ಲಿ "ಮೊದಲು ಬಳಸಿ, ಆಮೇಲೆ ಕೊಳ್ಳಿ" ಎಂಬ ಯೋಜನೆ ಹೂಡಿ ಗೆದ್ದವರೆಂದು ಪಠ್ಯಪುಸ್ತಕಗಳಲ್ಲಿ ಹೆಸರಾದವರು. ಅತ್ತಿಗೆ ಅಭ್ಯಾಸಬಲದಿಂದ ಸ್ವಿಚ್ಚಿಗೆ ಕೈಹಾಕಿದ್ದೇ ತಡ, "ಅದನ್ನ್ಯಾಕೆ ಆರಿಸ್ತೀರಿ ಮೇಡಂ? ನಮ್ಮ ಫ್ಯಾನ್ ಸದ್ದೇ ಮಾಡಲ್ಲ" ಎಂದರು. ಬೇರೆ ಯಾರಾದರೂ ನಕ್ಕು ಸುಮ್ಮನಾಗುತ್ತಿದ್ದರು. ಅತ್ತಿಗೆ ಒಂದಿಷ್ಟು ಹೊತ್ತು ರೆಕಾರ್ಡ್ ಮಾಡಿ, ಆ ಗುಂಯ್ಗುಡುವಿಕೆಯನ್ನು ಅವರಿಗೇ ಕೇಳಿಸಿಬಿಟ್ಟರು! ಯಜಮಾನರ ಮುಖ ಹುಳ್ಳಗಾಯಿತು, ನಾವು ಚಹಾ ಬರುವ ಮೊದಲೇ ಬೀದಿಗೆ ಬಂದೆವು. ಅತ್ತಿಗೆಯ ಬಹುಕಾಲದ ಸಂಶೋಧನೆಗೆ ನಡುಗಂಬವಾಗಬೇಕಿದ್ದ ಕಂಪನಿಯ ಬಾಗಿಲು ಹಾಗೆ ಮುಚ್ಚಿಕೊಂಡಿತು.

ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಫೋನ್ ಬಂತು. ಹೆಂಗಸಿನ ಒಡಕು ದನಿ. "ನನ್ನ ತಮ್ಮನ ಮುಖಕ್ಕೇ ಅವನ ಫ್ಯಾನ್ ಸದ್ದು ಕೇಳಿಸಿದೋಳು ನೀನೇ ಏನಮ್ಮ? ಸರಿ ಮಾಡ್ದೆ. ನಾನು ಅವನ ಅಕ್ಕ. ಗಂಟಲಲ್ಲಿ ಗಡ್ಡೆಯಾಗಿದೆ, ಬರೋ ವಾರ ಆಪರೇಷನ್. ದನಿಪೆಟ್ಟಿಗೇನೇ ತೆಗೀತಾರಂತೆ. ಹೇಳೋದಿದ್ರೆ ಈಗ್ಲೇ ಹೇಳ್ಬೇಕು. ಬರ್ತೀಯಾ?"

ಕಂಪನಿಯ ಹೊಗಳಿಕೆಯ ಪುಸ್ತಕದಲ್ಲಿ ಈ ಅಕ್ಕನ ಸುಳಿವೇ ಇರಲಿಲ್ಲ. ಅತ್ತಿಗೆಯ ಕಣ್ಣು ತುಂಬಿ ಬಂದಿತ್ತು, ಕೈಗಳು ಮಾತ್ರ ಆಗಲೇ ಬ್ಯಾಟರಿ ಹುಡುಕುತ್ತಿದ್ದವು. ದುಃಖವೂ ಸಂಭ್ರಮವೂ ಒಂದೇ ಮುಖದಲ್ಲಿ ಹೀಗೆ ನೂಕಾಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಕ್ಕನ ಕೋಣೆಯಲ್ಲಿ ತಮ್ಮನೂ ಬಿಗಿದ ಮುಖದಿಂದ ಕುಳಿತಿದ್ದರು. ಅಕ್ಕ ತಾವೇ ಎದ್ದು ಫ್ಯಾನ್ ಆರಿಸಿದರು. ನಡುನಡುವೆ ಬಿಸಿನೀರು ಗುಟುಕರಿಸುತ್ತ ಹೇಳತೊಡಗಿದರು.

"ಯೋಜನೆಯೂ ಇಲ್ಲ, ಗೀಜನೆಯೂ ಇಲ್ಲಮ್ಮ. ಇದ್ದಿದ್ದು ಎರಡು ಕೋಣೆ. ಇವನು ಫ್ಯಾನ್ ಮಾಡ್ತಾನೇ ಇದ್ದ, ಒಂದೂ ಹೋಗ್ತಿರ್ಲಿಲ್ಲ. ಮಂಚದ ಕೆಳಗೆ ಫ್ಯಾನು, ಒಲೆ ಪಕ್ಕ ಫ್ಯಾನು, ರಾತ್ರಿ ಕಾಲು ಚಾಚೋಕೆ ಜಾಗ ಇಲ್ಲ. ತಲೆಕೆಟ್ಟು ಒಂದನ್ನ ಕಟಿಂಗ್ ಶಾಪಿನವನ ಹತ್ರ ಕೊಂಡೊಯ್ದೆ. 'ಸ್ವಲ್ಪ ದಿನ ಇಲ್ಲಿ ನೇತಾಡ್ಲಿ ಕಣಪ್ಪ' ಅಂದೆ. ಇನ್ನೊಂದು ದರ್ಜಿ ಹತ್ರ."

"ಆಮೇಲೆ?" ಅತ್ತಿಗೆ ಕುರ್ಚಿಯ ತುದಿಗೆ ಬಂದಿದ್ದರು.

"ಆಮೇಲೇನು, ವಾಪಸ್ ತರೋಣ ಅಂತ ಹೋದ್ರೆ ಕಟಿಂಗ್ ಶಾಪಿನವನು ಏಣಿಗೆ ಅಡ್ಡ ನಿಂತ! ಜನ ಗಾಳಿಗೋಸ್ಕರ ಗಡ್ಡ ಇಲ್ದೇ ಇದ್ರೂ ಬಂದು ಕೂತ್ಕೊತಾರಂತೆ. ಕೊಡಲ್ಲ, ಬೆಲೆ ಹೇಳಿ ಅಂದ. ಬಂದೋರೆಲ್ಲ ಎಲ್ಲಿ ತಂದೆ ಅಂತ ಕೇಳೋಕೆ ಶುರು ಮಾಡಿದ್ರು."

ಅತ್ತಿಗೆ ಖುಷಿಯಿಂದ ಬಾಯಿಗೆ ಸೆರಗು ಒತ್ತಿಕೊಂಡರು, ನಗು ಯಂತ್ರದೊಳಗೆ ಸೇರಬಾರದಲ್ಲ! ಜಾಹೀರಾತಿಗೆ ಕಾಸಿಲ್ಲದ, ಹೊಸ ಹೆಸರನ್ನು ಯಾರೂ ನಂಬದ ಮಾರುಕಟ್ಟೆಯಲ್ಲಿ ಒಂದು ಸರಕಿನ ಮೇಲೆ ಭರವಸೆ ಹುಟ್ಟಿದ ಕ್ಷಣ ಅವರ ಕಣ್ಣೆದುರೇ ಇತ್ತು.

ನಿಯಮದಂತೆ ಎಲ್ಲವನ್ನೂ ತಿರುಗಿ ಕೇಳಿಸಿದರು. ಅಕ್ಕ ಕಣ್ಣು ಮುಚ್ಚಿ ತಮ್ಮದೇ ದನಿಯನ್ನು ಆಲಿಸಿದರು. ಯಂತ್ರ ಸುಮ್ಮನಾದೊಡನೆ ತಮ್ಮ, "ಆ ಜಾಗ ಇಲ್ಲದ ವಿಷಯ ಅಳಿಸಿಬಿಡಿ ಮೇಡಂ. ಇಷ್ಟು ವರ್ಷ ಊರೂರಲ್ಲಿ ನಿಂತು ನಾನು ಹೇಳಿದ್ದೇನಾಗ್ಬೇಕು? ನಾನು ಸುಳ್ಳುಗಾರ ಅಲ್ಲ" ಎಂದರು. ಅತ್ತಿಗೆ ಮೃದುವಾಗಿ, "ಖಂಡಿತ ಅಲ್ಲ ಸರ್. ಜಾಗ ಇಲ್ಲದ್ದನ್ನ ಯೋಜನೆ ಅಂತ ಗುರುತಿಸಿದೋರು ನೀವು. ನಿಮ್ಮದನ್ನೂ ಬಂದು ಕೇಳ್ತೀನಿ. ಆದ್ರೆ ಇದು ಅಕ್ಕನ ಮಾತು" ಎಂದು ಅಕ್ಕನತ್ತ ತಿರುಗಿದರು. ಬೆರಳು ಗುಂಡಿಯ ಮೇಲಿತ್ತು. ಅಕ್ಕ ಹೂಂ ಎಂದರೆ ಅಳಿಸಿಯೇಬಿಡುತ್ತಾರೆಂದು ನನಗೆ ಗೊತ್ತಿತ್ತು.

ಅಕ್ಕ ಕೈಚಾಚಿ ಆ ಬೆರಳನ್ನು ಸರಿಸಿದರು. "ಇರ್ಲಿ ಬಿಡಮ್ಮ. ಬರೋ ವಾರದಿಂದ ನಾನು ಮಾತಾಡೋದು ಇದರೊಳಗೆ ಮಾತ್ರ."

ಯಜಮಾನರು ಕುರ್ಚಿಯನ್ನು ಅಕ್ಕನ ಪಕ್ಕಕ್ಕೆ ಎಳೆದುಕೊಂಡು, "ಇನ್ನೊಂದ್ಸಲ ಹಾಕಿ" ಎಂದರು. ಏಣಿಯ ಮಾತು ಬಂದಾಗ ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ.

ನಮ್ಮ ಅತ್ತಿಗೆಯಂಥವರನ್ನು ಜನ ತಲೆ ತಿನ್ನುವವರೆಂದು, ಹಳೆಯದನ್ನು ಕೆದಕುವವರೆಂದು ಆಡಿಕೊಳ್ಳುವುದುಂಟು. ಗೆದ್ದವರಿಗೆ ಭಾಷಣ ಬರೆದುಕೊಡುವವರು ಎಲ್ಲ ಕಾಲಕ್ಕೂ ಸಿಗುತ್ತಾರೆ. ದನಿ ಇನ್ನೂ ದೇಹದಲ್ಲಿರುವಾಗಲೇ ಓಡೋಡಿ ಹೋಗಿ ಎದುರು ಕೂತು, ಕೇಳಿದ್ದನ್ನು ಹೇಳಿದವರ ಕೈಗೇ ಒಪ್ಪಿಸಿ, ಇಡುವುದೋ ಅಳಿಸುವುದೋ ಎಂದು ಉಸಿರು ಹಿಡಿದು ಕಾಯುವವರು ವಿರಳ. ದೊಡ್ಡ ದೊಡ್ಡ ಕಂಪನಿಗಳ ಚರಿತ್ರೆಯಲ್ಲಿ ಕಾಲು ಚಾಚಲು ಜಾಗವಿಲ್ಲದ ಒಂದು ಮನೆಗೆ, ಆ ಮನೆಯ ಅಕ್ಕನಿಗೆ, ಜಾಗ ಸಿಗುವುದು ಅವರಿಂದಲೇ.