ಎಳ್ಳುನೀರಿಗೊಂದು ಹೆಸರು

ತಾಯಿ ಶ್ಯಾಮಲಮ್ಮ ತೀರಿಕೊಂಡ ಮೇಲೆ ಬಂದ ಮೊದಲ ಮಹಾಲಯದಲ್ಲಿ ನರಸಿಂಹಮೂರ್ತಿಗಳಿಗೆ ನಿದ್ದೆ ಹತ್ತಲಿಲ್ಲ. ತರ್ಪಣದಲ್ಲಿ ತಾಯಿಯ ತಂದೆತಾಯಿಗೂ ನೀರು ಬಿಡಬೇಕು. ಅವರ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಶ್ಯಾಮಲಮ್ಮ ಮಾತು ಕಲಿಯುವ ವಯಸ್ಸಿನಲ್ಲೇ ಇಬ್ಬರೂ ಪ್ಲೇಗಿಗೆ ಹೋದರು. ಕೇಳಿದರೆ ಆಕೆ, "ಅಪ್ಪನ್ನ ಅಣ್ಣ ಅಂತಿದ್ವಿ ಕಣೋ, ಅಷ್ಟೇ," ಎನ್ನುತ್ತಿದ್ದಳು. ಪ್ರತಿವರ್ಷ ಮೂರ್ತಿಗಳು ಹೆಸರು ತಿಳಿಯದವರಿಗೆ ಹೇಳುವ ಮಾತನ್ನೇ ಹೇಳಿ ಮುಗಿಸುತ್ತಿದ್ದರು. ಈಗ ತಾಯಿಯೇ ಆ ಪಂಕ್ತಿಗೆ ಸೇರಿದ್ದಳು. ಹೆತ್ತವರು ಹೆಸರಿಲ್ಲದೆ ಕೂತಿದ್ದರೆ ಅವಳಿಗೆ ತುತ್ತು ಇಳಿದೀತೆ?

ಮಂಡಿಕಲ್ಲಿನಲ್ಲಿ ತಾಯಿಯ ಅಣ್ಣನ ಹಿರಿಮಗ ಪುಟ್ಟಣ್ಣ ಇದ್ದ. ಹಿರಿಮಗನಿಗೆ ತಾತನ ಹೆಸರಿಡುವುದು ಆ ವಂಶದ ಪದ್ಧತಿ. ಆದರೆ ಮಾವನ ಹೆಸರನ್ನು ಸೊಸೆ ಬಾಯಲ್ಲಿ ಆಡುವಂತಿಲ್ಲ. ಹೀಗಾಗಿ ಅವನ ತಾಯಿ ಕೂಗಿದ "ಪುಟ್ಟಣ್ಣ" ಎಂಬುದೇ ಶಾಲೆಗೂ ರೇಷನ್ ಕಾರ್ಡಿಗೂ ಹತ್ತಿತು. ಅವನು ಬದುಕಿದ್ದಾಗ ಮೂರ್ತಿಗಳು ಕೇಳಬಹುದಿತ್ತು. ಸಿಕ್ಕಾಗಲೆಲ್ಲ ಮಳೆ, ಮೊಣಕಾಲು ನೋವು, ಇಷ್ಟೇ ಮಾತು. ಮಕ್ಕಳಿಲ್ಲದ ಅವನೂ ಹೋಗಿ, ಹೆಂಡತಿ ಅಮ್ಮಾಜಮ್ಮ ಒಬ್ಬರೇ ಉಳಿದಿದ್ದರು.

ಅಮಾವಾಸ್ಯೆಯ ಹಿಂದಿನ ದಿನ ಮೂರ್ತಿಗಳು ಮಂಡಿಕಲ್ಲಿನ ಬಸ್ಸು ಹತ್ತಿದರು.

"ಅತ್ತಿಗೆ, ಪುಟ್ಟಣ್ಣನಿಗೆ ನಾಮಕರಣದಲ್ಲಿ ಇಟ್ಟ ಹೆಸರೇನು?"

ಅಲಸಂದೆಕಾಯಿ ಬಿಡಿಸುತ್ತಿದ್ದ ಅಮ್ಮಾಜಮ್ಮನ ಕೈ ನಿಂತಿತು. "ಧಾರೆ ಎರೆಯೋವಾಗ ಕೇಳಿದ್ದೆ. ಹೇಳಲ್ಲಪ್ಪ. ಗಂಡನ ಹೆಸರು ಹೇಳಿದ್ರೆ ಅವರಿಗೆ ಆಯಸ್ಸು ಕಡಮೆ."

"ಅವನೇ ಇಲ್ಲವಲ್ಲ ಅತ್ತಿಗೆ!"

"ಇಲ್ಲ ಅಂತ ನಿನಗೆ ಯಾರು ಹೇಳಿದ್ದು? ಬೆಳಿಗ್ಗೆ ಕಾಫಿ ಸೋಸೋವಾಗ ಈಗಲೂ ಎರಡು ಲೋಟ ಇಡ್ತೀನಿ. ಪೆದ್ದ!"

ಮೂರ್ತಿಗಳ ಕಣ್ಣಲ್ಲಿ ನೀರು ತುಂಬಿತು. "ನಮ್ಮಮ್ಮನ ಅಪ್ಪನಿಗೆ ಒಂದು ಬೊಗಸೆ ನೀರು ಅತ್ತಿಗೆ. ನನ್ನದೇನಿಲ್ಲ."

ಮುದುಕಿ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿದರು. "ನಂದಿ ಗುಡೀಲಿ ಭೋಗನಂದೀಶ್ವರನ ಪಕ್ಕದ ಗುಡಿ ಯಾವ ದೇವರದು?"

"ಅರುಣಾಚಲೇಶ್ವರ... ಅರುಣಾಚಲಯ್ಯನೇ?"

ಸೆರಗಿನೊಳಗೆ ತಲೆ ಅಲ್ಲಾಡಿತು. ಮೂರ್ತಿಗಳು ಕೈಮುಗಿದು, ಆಸೆಯಿಂದ ಇನ್ನೊಂದನ್ನು ಕೇಳಿದರು: "ಅವರ ಹೆಂಡತಿ? ನಮ್ಮಮ್ಮನ ತಾಯಿ?"

"ಅವರನ್ನ ಹೆಸರು ಹಿಡಿದು ಕೂಗಿದೋರು ಯಾರಪ್ಪ? ಗಂಡ 'ಲೇ' ಅಂತಿದ್ರಂತೆ. ಮಕ್ಕಳಿಗೆ ಅಮ್ಮ. ನನಗೂ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ."

ಮರುದಿನ ತರ್ಪಣದಲ್ಲಿ ಅರುಣಾಚಲಯ್ಯನ ಹೆಸರು ಹೇಳುವಾಗ ಮೂರ್ತಿಗಳ ದನಿ ಗಟ್ಟಿಯಾಗಿಯೇ ಇತ್ತು. ಅಜ್ಜಿಯ ಸರದಿ ಬಂದಾಗ ಪುರೋಹಿತರು ಹೆಸರಿಗಾಗಿ ನಿಂತರು. ಮೂರ್ತಿಗಳು ಬೊಗಸೆ ಹಿಡಿದುಕೊಂಡೇ ಇದ್ದರು; ಎಳ್ಳುನೀರು ಬೆರಳ ಸಂದಿಯಿಂದ ಆಗಲೇ ಸೋರತೊಡಗಿತ್ತು.

"ಶ್ಯಾಮಲಮ್ಮನ ಅಮ್ಮ," ಎಂದು ಕನ್ನಡದಲ್ಲೇ ಹೇಳಿ, ಉಳಿದಷ್ಟನ್ನು ಬಿಟ್ಟರು.